ಹಲ್ಲಿನವರು ಹಾಡಿದ ಸಂಜೆ

"ಹುಟ್ಟುಹಬ್ಬಕ್ಕೆ ಏನು ಬೇಕಮ್ಮಾ?" ಎಂದು ಮಗಳು ಕೇಳಿದಾಗ ಟೈಲರಮ್ಮ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. "ಏನೂ ಬೇಡ ಕಣೇ. ನಿಮ್ಮಪ್ಪನ ಬಾಯಲ್ಲಿ ಒಂದು ಹಾಡು ಕೇಳಿದ್ರೆ ಸಾಕು" ಎಂದರು. ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತಿದ್ದ ಅಪ್ಪನಿಗೆ ಅದು ಕೇಳಿಸಿತು. ಪೇಪರನ್ನು ಇನ್ನಷ್ಟು ಮೇಲಕ್ಕೆತ್ತಿ ಮುಖಕ್ಕೆ ಅಡ್ಡ ಹಿಡಿದರು.

ಈ ಅಪ್ಪನನ್ನು ಬೀದಿಯವರು ಕರೆಯುವುದು ಹಲ್ಲಿನವರು ಎಂದು. ಹಲ್ಲು ಕೀಳುವುದು ಡಾಕ್ಟರ ಕೆಲಸ; ಕಿತ್ತ ಜಾಗಕ್ಕೆ ಹಲ್ಲು ಕಟ್ಟಿಕೊಡುವುದು ಇವರ ಕೆಲಸ. ಸೈಕಲ್ ಅಂಗಡಿಯ ಮಹಡಿಯಲ್ಲಿ ಅವರದೊಂದು ಪುಟ್ಟ ಕೋಣೆ. ಬಾಗಿಲು ತೆಗೆದರೆ ಕಾದ ಮೇಣದ ವಾಸನೆ, ಎಲ್ಲಿ ಕೈಯಿಟ್ಟರೂ ಪ್ಲಾಸ್ಟರ್ ಪುಡಿ. ಕಪಾಟಿನ ತುಂಬ ಊರಿನವರ ಬಾಯಿಗಳ ಅಚ್ಚುಗಳು. ಬ್ಯಾಂಕಿನ ಮ್ಯಾನೇಜರು, ಬಸ್ ಡಿಪೋದ ವಾಚ್‌ಮನ್ನು, ಶಾಲೆಯ ಹಳೇ ಹೆಡ್‌ಮಿಸ್ಸು, ಎಲ್ಲರೂ ಅಲ್ಲಿ ಪಕ್ಕಪಕ್ಕದಲ್ಲಿ, ಮೇಲು ಕೀಳೆನ್ನದೆ ಬಾಯಿ ತೆರೆದುಕೊಂಡು ಕೂತಿದ್ದರು. ದಾರಿಯಲ್ಲಿ ಯಾರಾದರೂ ನಕ್ಕರೆ ಹಲ್ಲಿನವರು ಮುಖ ನೋಡುವ ಮೊದಲು, ಆ ನಗು ತನ್ನ ಕೈಕೆಲಸವೋ ಬೇರೆಯವರದೋ ಎಂದು ನೋಡುತ್ತಿದ್ದರು.

ಕೆಲಸ ಗಟ್ಟಿ, ನಿಜ. ಆದರೆ ಜಂಬ ಅದಕ್ಕಿಂತ ಗಟ್ಟಿ. ಕಟ್ಟಿಸಿಕೊಂಡ ಹಲ್ಲು ಅಲ್ಲಾಡುತ್ತದೆ ಎಂದು ಯಾರಾದರೂ ದೂರು ತಂದರೆ, "ಹಲ್ಲು ಸರಿಯಾಗೇ ಇದೆ ಸ್ವಾಮಿ, ನಿಮ್ಮ ಬಾಯಿಗೆ ಇನ್ನೂ ಬುದ್ಧಿ ಬಂದಿಲ್ಲ. ಹೋಗಿ ಚೆನ್ನಾಗಿ ಮಾತಾಡಿ, ಚೆನ್ನಾಗಿ ತಿನ್ನಿ, ತಾನಾಗೇ ಕೂತ್ಕೊಳ್ಳತ್ತೆ" ಎಂದು ಸಾಗಹಾಕುತ್ತಿದ್ದರು. ಹಲ್ಲು ಜಾರದಿರಲಿ ಎಂದು ಕೆಲವರು ಹಚ್ಚಿಕೊಳ್ಳುವ ಅಂಟಿನ ಪುಡಿಯ ಹೆಸರೆತ್ತಿದರಂತೂ ಉರಿದುಬೀಳುತ್ತಿದ್ದರು. "ಅಂಟು ಹಚ್ಚಿ ಅಂಟಿಸೋಕೆ ಅದೇನು ಹಲ್ಲೋ, ಗೋಡೆ ಮೇಲಿನ ಪೋಸ್ಟರ್ರೋ?" ಎನ್ನುವುದು ಅವರ ಕಾಯಂ ಮಾತು. ಇಂಥವರ ಬಾಯಿಗೇ ಬೀಗ ಬೀಳುವ ಕಾಲ ಬಂತೆಂದರೆ ಯಾರಿಗಾದರೂ ಸ್ವಲ್ಪ ಖುಷಿಯಾದೀತು. ಆದರೂ ಪಾಪ ಎನ್ನಬೇಕು.

ಆದದ್ದು ಇಷ್ಟು. ಅವರದೇ ಹಲ್ಲುಗಳು ಒಂದೊಂದಾಗಿ ಕೈಕೊಟ್ಟು, ಕೊನೆಗೆ ಡಾಕ್ಟರು ಮೇಲಿನ ಸಾಲು ಕೆಳಗಿನ ಸಾಲು ಎರಡನ್ನೂ ತೆಗೆದು ಕೈತೊಳೆದುಕೊಂಡರು. ವಸಡು ಮಾಗಿದ ಮೇಲೆ ಹೊಸ ಸೆಟ್ ಕಟ್ಟಬೇಕು. ಅವರ ಕೈಕೆಳಗೇ ಕೆಲಸ ಕಲಿತು, ಈಗ ಹಿಂದಿನ ಬೀದಿಯಲ್ಲಿ ಸ್ವಂತ ಕೋಣೆ ಮಾಡಿಕೊಂಡಿದ್ದ ಶಿಷ್ಯೆ ಸುದ್ದಿ ತಿಳಿದು ಓಡಿಬಂದಳು.

"ಮೇಷ್ಟ್ರೇ, ನಿಮ್ಮ ಅಳತೆ ನಾನು ತಗೋತೀನಿ, ಬನ್ನಿ. ನಮ್ಮ ಬಾಯಿ ಅಳತೆ ನಾವೇ ತಗೊಳ್ಳೋಕಾಗಲ್ಲ."

"ನಿನಗೆ ಮೇಣ ಕಾಯಿಸೋದು ಕಲಿಸಿದ್ದು ಯಾರು?"

"ನೀವೇ."

"ಮತ್ತೆ?"

ಅವಳು ಬಂದ ದಾರಿಯಲ್ಲೇ ವಾಪಸ್ಸು ಹೋದಳು. ಹಲ್ಲಿನವರು ಬಾಗಿಲು ಹಾಕಿಕೊಂಡು, ಗೋಡೆಯ ಕನ್ನಡಿಯ ಮುಂದೆ ನಿಂತು, ತಮ್ಮ ಬಾಯಿಯ ಅಚ್ಚನ್ನು ತಾವೇ ತೆಗೆದರು. ಬೆಚ್ಚಗಿನ ಮೇಣದ ಪಟ್ಟಿ ಕಚ್ಚಿ, ಮೇಲಿನ ದವಡೆಗೂ ಕೆಳಗಿನ ದವಡೆಗೂ ಎಲ್ಲಿ ಜೋಡಿ ಎಂದು ಗುರುತು ಮಾಡಿಕೊಂಡರು. ಆ ಕಚ್ಚಿನ ಗುರುತು ಸರಿಯಿದ್ದರೆ ಎಲ್ಲ ಸರಿ. ಸೆಟ್ ತಯಾರಾದ ದಿನ ಕನ್ನಡಿಯ ಮುಂದೆ ಹಾಕಿಕೊಂಡು ನೋಡಿದರೆ, ಆಹಾ, ಹುಟ್ಟಿದಾಗಿನಿಂದ ಅಲ್ಲೇ ಇದ್ದ ಹಾಗೆ ಕೂತಿತು. ಮನೆಗೆ ಬಂದು, "ಜೀವಮಾನದಲ್ಲೇ ಇಂಥ ಸೆಟ್ ಮಾಡಿಲ್ಲ ಕಣೇ" ಎಂದು ಹೆಂಡತಿಯ ಮುಂದೆ ಎಲ್ಲ ಹಲ್ಲನ್ನೂ ತೋರಿಸಿ ಮೆರೆದರು.

ಊಟಕ್ಕೆ ಕೂತಾಗ ಮೊದಲ ತುತ್ತಿಗೇ ಮೇಲಿನ ಸಾಲು ಜಾರಿತು. ನಾಲಿಗೆಯಿಂದ ಒತ್ತಿ ಹಿಡಿದು ನುಂಗಿದರು. ಮಾರನೆಯ ದಿನ ಕೋಣೆಗೆ ಹೋಗಿ ಕನ್ನಡಿಯಲ್ಲಿ ನೋಡಿಕೊಂಡರೆ ಮತ್ತೆ ಎಲ್ಲ ಸರಿ, ಕೂದಲೆಳೆಯಷ್ಟೂ ಅಲ್ಲಾಟವಿಲ್ಲ. ಮೆಟ್ಟಿಲಿಳಿದು ಸೈಕಲ್ ಅಂಗಡಿಯವನಿಗೆ ನಮಸ್ಕಾರ ಹೇಳುವಷ್ಟರಲ್ಲಿ ಲಟಕ್. ಯಾರಿಗೂ ಹೇಳದೆ ಇನ್ನೊಂದು ಸೆಟ್ ಮಾಡಿದರು. ಅದೂ ಅದೇ ರಾಗ. ಊರಿಗೆಲ್ಲ ಹಲ್ಲು ಕಟ್ಟಿದವರು ಈಗ ಯಾರ ಹತ್ತಿರ ಹೋಗಿ, ನನ್ನ ಹಲ್ಲು ಸರಿಯಿಲ್ಲ ಎಂದು ಹೇಳುವುದು? ಹಲ್ಲು ಕಚ್ಚಿ ಸಹಿಸಿಕೊಂಡರು ಎನ್ನೋಣವೆಂದರೆ, ಕಚ್ಚಿದಾಗಲೇ ಅದು ಜಾಸ್ತಿ ಜಾರುತ್ತಿತ್ತು.

ಅಲ್ಲಿಂದ ಮನೆಯ ನಗು ನಿಂತಿತು. ಮಾತನಾಡಿದರೆ ತುಟಿ ಅರ್ಧ ತೆರೆದು ಒಂದೆರಡು ಮಾತು. ನಕ್ಕರೆ ಮೂಗಿನಲ್ಲೇ. ಕೆಲಸ ಜಾಸ್ತಿ ಎಂದು ನೆಪ ಹೇಳಿ ಊಟದ ಡಬ್ಬಿಯನ್ನು ಕೋಣೆಗೇ ತರಿಸಿಕೊಂಡು, ಬಾಗಿಲು ಹಾಕಿ, ಹಲ್ಲು ತೆಗೆದಿಟ್ಟು, ಹಾಲಿನಲ್ಲಿ ನೆನೆಸಿದ ಬ್ರೆಡ್ಡಿನಲ್ಲೇ ಹೊಟ್ಟೆ ತುಂಬಿಸಿಕೊಂಡು ಉಳಿದದ್ದನ್ನು ಬೀದಿ ನಾಯಿಗೆ ಹಾಕುತ್ತಿದ್ದರು. ಸಣ್ಣಗಾಗುತ್ತಿದ್ದೇನೋ ಎಂಬ ಅನುಮಾನ ಅವರಿಗೂ ಬಂದಿತ್ತು. ಆದರೆ ಪ್ಯಾಂಟು ಸೊಂಟದಲ್ಲಿ ಮೊದಲಿನ ಹಾಗೇ ಸರಿಯಾಗಿ ಕೂರುತ್ತಿದ್ದುದರಿಂದ ಸಮಾಧಾನ ಮಾಡಿಕೊಂಡರು. ಸೊಂಟದ ಪಟ್ಟಿಯ ಒಳಗೆ ಏನೋ ದಪ್ಪ ದಪ್ಪ ಎನಿಸುತ್ತಿತ್ತು, ಅಷ್ಟೇ.

ಒಂದೆರಡು ಸಲ ಟೈಲರಮ್ಮ ಕೇಳಿದರು. "ರೀ, ಮೈಗೆ ಹುಷಾರಿಲ್ವಾ? ಡಾಕ್ಟರ ಹತ್ರ ಹೋಗೋಣ್ವಾ?"

"ನನಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ. ನಿನ್ನ ಕೆಲಸ ನೋಡು" ಎಂದು ಗದರಿ ಬಾಯಿ ಮುಚ್ಚಿಸಿದರು. ಸಿಟ್ಟು ಬಂದಿದ್ದು ಹೆಂಡತಿಯ ಮೇಲಲ್ಲ, ಗದರುವಾಗಲೂ ಹಲ್ಲು ಜಾರಿತಲ್ಲ ಎಂದು. ಆಕೆಗೆ ಅದು ಹೇಗೆ ಗೊತ್ತಾಗಬೇಕು? ಹೋಗಿ ಹೊಲಿಗೆ ಯಂತ್ರದ ಮುಂದೆ ಕೂತರು.

ಮನೆಯ ಮುಂಗೋಣೆಯೇ ಟೈಲರಮ್ಮನ ಹೊಲಿಗೆ ಅಂಗಡಿ. ಹೊಸ ಬಟ್ಟೆ ಹೊಲಿಯುವುದಕ್ಕಿಂತ ಹಳೆಯದರ ಸೊಂಟ ಒಳಕ್ಕೆ ಹಿಡಿಯುವುದು, ಹೊಲಿಗೆ ಬಿಚ್ಚಿ ಸಡಿಲ ಬಿಡುವುದು ಹೆಚ್ಚು. ಕೆಲಸ ಕಲಿಯಲು ಬರುವವರಿಗೆ ಆಕೆ ಹೇಳುವ ಮೊದಲ ಮಾತು, ಸೊಂಟ ಒಳಕ್ಕೆ ಹಿಡಿದ ಮೇಲೆ ಮಿಕ್ಕ ಬಟ್ಟೆಯನ್ನು ಕತ್ತರಿಸಿ ಹಾಕಬೇಕು, ಇಲ್ಲದಿದ್ದರೆ ಹಾಕಿಕೊಂಡವರಿಗೆ ಒಳಗೆ ಗಂಟು ಕಟ್ಟಿದ ಹಾಗಾಗುತ್ತದೆ ಎಂದು. ಇನ್ನು ಆ ಹಾಡಿನ ವಿಷಯ. ಮದುವೆಯಾದ ವರ್ಷ ಇಬ್ಬರೂ ನೋಡಿದ ಸಿನಿಮಾದ್ದು. ಪ್ರತಿ ಹುಟ್ಟುಹಬ್ಬದ ಬೆಳಿಗ್ಗೆ ಹೆಂಡತಿ ಕಾಫಿ ಸೋಸುವಾಗ ಹಲ್ಲಿನವರು ಅಡುಗೆಮನೆಯ ಬಾಗಿಲಿಗೆ ಒರಗಿ ಅದನ್ನು ಹಾಡಬೇಕು. ಎರಡನೆಯ ಚರಣದಲ್ಲಿ ಒಂದು ಜಾಗವಿದೆ, ದನಿ ಮೇಲೆ ಮೇಲೆ ಹತ್ತಿ ತುತ್ತತುದಿಯಲ್ಲಿ "ಆ" ಎಂದು ನಿಲ್ಲುತ್ತದೆ. ಅಲ್ಲಿ ಬಾಯಿ ಪೂರ್ತಿ ತೆರೆಯಲೇಬೇಕು, ಬೇರೆ ದಾರಿಯಿಲ್ಲ. ಟೈಲರಮ್ಮ ಕಾಯುತ್ತಿದ್ದುದೂ ಅದಕ್ಕೇ. ಅದು ಮುಗಿದ ಮೇಲೆಯೇ, "ಸಾಕು ಬಿಡಿ, ಬೀದಿಯವರು ಎದ್ದುಬಿಟ್ರು" ಎಂದು ಕಾಫಿ ಕೈಗೆ ಕೊಡುತ್ತಿದ್ದರು.

ಈ ಸಲ ಮಗಳು ಹಾಡನ್ನು ಅಡುಗೆಮನೆಗೇ ಬಿಡಲಿಲ್ಲ. ಸಿಟಿ ಬಸ್ ಓಡಿಸುವವಳು. ಒಂದು ಸಲ ಹೊರಟಳೆಂದರೆ ಬ್ರೇಕು ಕಡಿಮೆ. ತನ್ನ ರೂಟಿನಲ್ಲೇ ಇದ್ದ, ಮಿಷನ್ ನುಡಿಸುವ ಸಂಗೀತಕ್ಕೆ ಬಂದವರೇ ಹಾಡುವ ಒಂದು ಕರೋಕೆ ಹಾಲನ್ನು ಸಂಜೆಗೆ ಬುಕ್ ಮಾಡಿದಳು. ಸೋದರಮಾವನಿಗೆ ಹೇಳಿದಳು, ಡಿಪೋದ ಗೆಳತಿಯರಿಗೆ ಹೇಳಿದಳು, ಸಾಲದ್ದಕ್ಕೆ ಶಿಷ್ಯೆಗೂ ಹೇಳಿದಳು. "ಅಪ್ಪಾ, ನಿನ್ನ ಹಾಡು ಆ ಮಿಷನ್‌ನಲ್ಲಿ ಇದೆ, ಮ್ಯೂಸಿಕ್ ಸಮೇತ. ಹಾಡ್ತೀಯ ತಾನೇ?" ಎಂದು ಕೇಳುವಾಗ ಅವಳು ಅಪ್ಪನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಹಲ್ಲಿನವರಿಗೆ ಇಲ್ಲ ಎನ್ನಲಾಗಲಿಲ್ಲ.

ಹುಟ್ಟುಹಬ್ಬದ ದಿನ ಮಧ್ಯಾಹ್ನ, ಯಾವ ಪುಡಿಯನ್ನು ಇಷ್ಟು ವರ್ಷ ಬೈದಿದ್ದರೋ ಅದನ್ನೇ ಮೂರು ಬೀದಿ ಆಚೆಯ ಔಷಧಿ ಅಂಗಡಿಯಿಂದ ತಂದು, ಸೆಟ್ಟಿನ ಒಳಗೆ ಧಾರಾಳವಾಗಿ ಉದುರಿಸಿ ಒತ್ತಿಕೊಂಡರು. ಅಲ್ಲಿಗೆ ಹೋಗಿದ್ದು ಅದೇ ಮೊದಲೇನಲ್ಲ. ಪೊಟ್ಟಣವನ್ನು ಜೇಬಿನ ಆಳಕ್ಕೆ ತುರುಕಿ, ಅತ್ತಿತ್ತ ನೋಡಿ ಹೊರಬರುವುದು ಆಗಲೇ ರೂಢಿಯಾಗಿತ್ತು.

ಕರೋಕೆ ಹಾಲಿಗೆ ಒಂದು ಮಹಡಿ ಹತ್ತಬೇಕಿತ್ತು. ಭಾವಮೈದುನ, ಅಂದರೆ ಟೈಲರಮ್ಮನ ತಮ್ಮ, ಮೆಟ್ಟಿಲ ಬುಡದಲ್ಲೇ ಕಾದು ನಿಂತಿದ್ದ. ಇವನಿಗೂ ಹಲ್ಲಿನವರಿಗೂ ಹಾವು ಮುಂಗುಸಿ. ಹಾಡಿನ ವಿಷಯದಲ್ಲಂತೂ, ನಾನು ಹೆಚ್ಚೋ ನೀನು ಹೆಚ್ಚೋ ಎಂದು ಇಬ್ಬರೂ ಮುಖ ಕೆಂಪಗೆ ಮಾಡಿಕೊಳ್ಳದ ಸಮಾರಂಭವಿಲ್ಲ. ಅಂಥವನು ಬಂದು ಮೊಣಕೈ ಹಿಡಿದು, "ನಿಧಾನ ಭಾವ, ನಿಧಾನ. ಅವಸರ ಏನಿಲ್ಲ" ಎಂದ.

ಹಲ್ಲಿನವರಿಗೆ ಆಗಲೇ ಅನುಮಾನ ಬಂತು.

ಒಳಗೆ ಹೋದರೆ ಮೆತ್ತನೆಯ ಸೋಫಾಗಳು, ಬಣ್ಣ ಬದಲಿಸುವ ದೀಪಗಳು, ಗೋಡೆಗೆ ದೊಡ್ಡ ಪರದೆ, ಮೇಜಿನ ಮೇಲೆ ಕೇಕು. ಡಿಪೋದ ಹುಡುಗಿಯರು ಒಟ್ಟಿಗೇ ಎದ್ದು ಜಾಗ ಬಿಟ್ಟರು. ಮಗಳು ಬೆನ್ನಿಗೆ ದಿಂಬು ಇಟ್ಟಳು. ಶಿಷ್ಯೆ ಮೂಲೆಯಲ್ಲಿ ಕೂತು ಇವರ ಬಾಯನ್ನೇ ನೋಡುತ್ತಿದ್ದಳು, ಇವರು ತಿರುಗಿದ ಕೂಡಲೇ ಕಣ್ಣು ತಪ್ಪಿಸಿದಳು. ಸರಿ, ಗೊತ್ತಾಗಿದೆ ಎಂದುಕೊಂಡರು ಹಲ್ಲಿನವರು. ಇವಳೇ ಊರೆಲ್ಲ ಡಂಗುರ ಹೊಡೆದಿದ್ದಾಳೆ. ಮೇಷ್ಟ್ರ ಹಲ್ಲು ಮೇಷ್ಟ್ರ ಬಾಯಲ್ಲೇ ನಿಲ್ಲಲ್ಲ ಎಂದು ಎಲ್ಲರಿಗೂ ಹೇಳಿದ್ದಾಳೆ, ಅದಕ್ಕೇ ಈ ಕನಿಕರ. ಹಲ್ಲು ಹೋದರೆ ಹೋಗಲಿ, ಕಟ್ಟಿದ ಹೆಸರು ಹೋದರೆ ಇನ್ನೇನು ಉಳಿಯಿತು?

ಕೇಕು ಕತ್ತರಿಸಿದ್ದಾಯಿತು. ಟೈಲರಮ್ಮ ಮೊದಲ ತುಂಡನ್ನು ಗಂಡನ ಬಾಯಿಗೇ ಹಿಡಿದರು. ಅವರು ಚೂರೇ ಚೂರು ತುಟಿಗೆ ತಾಗಿಸಿಕೊಂಡು, ಆಮೇಲೆ ತಿನ್ನುತ್ತೇನೆ ಎಂದು ತಟ್ಟೆಗೆ ಇಟ್ಟರು. ಆಕೆಯ ಮುಖ ಸಣ್ಣಗಾಯಿತು. ಅಷ್ಟರಲ್ಲಿ ಭಾವಮೈದುನ ಮೈಕು ಹಿಡಿದು ಶ್ರುತಿಗೂ ತನಗೂ ಸಂಬಂಧವೇ ಇಲ್ಲದ ಹಾಗೆ ಒಂದು ಹಾಡು ಹಾಡಿದ. ಮಿಷನ್ನು ಅವನಿಗೆ ಅಂಕವನ್ನೂ ಕೊಟ್ಟಿತು, ಅದಕ್ಕೆ ಕಿವಿಯಿಲ್ಲವಲ್ಲ. ಬೇರೆ ದಿನವಾಗಿದ್ದರೆ ಹಲ್ಲಿನವರು ಅಲ್ಲೇ ಅವನ ನೀರಿಳಿಸುತ್ತಿದ್ದರು. ಅವನೇ ಬಂದು ಪಕ್ಕದಲ್ಲಿ ಕೂತು, "ಏನೇ ಹೇಳಿ ಭಾವ, ನಮ್ಮಿಬ್ಬರಲ್ಲಿ ಚೆನ್ನಾಗಿ ಹಾಡೋದು ನೀವೇ. ಯಾವಾಗ್ಲೂ ನೀವೇ" ಎಂದು ಮೂಗು ಒರೆಸಿಕೊಂಡ. ಹಲ್ಲಿನವರಿಗೆ ಭಯವಾಯಿತು.

"ಬಿಸಿ ಕಾಫಿ ಕುಡಿ ಅಪ್ಪ, ಗಂಟಲಿಗೆ ಒಳ್ಳೇದು" ಎಂದು ಮಗಳು ಲೋಟ ಹಿಡಿದು ಮುಂದೆಯೇ ನಿಂತಳು. ಬಿಸಿ ತಾಗಿದರೆ ಅಂಟು ಕರಗುತ್ತದೆ ಎಂದು ಹೇಳುವ ಹಾಗಿಲ್ಲ. ಕುಡಿದರು. ಒಳಗೆ ಏನೋ ಸಡಿಲವಾದದ್ದು ಗೊತ್ತಾಯಿತು. ಆಗಲೇ ಪರದೆಯ ಮೇಲೆ ಅವರ ಹಾಡಿನ ಹೆಸರು ಬಂದು, ಎಲ್ಲರೂ ಚಪ್ಪಾಳೆ ತಟ್ಟಿ, ಮೈಕು ಕೈಗೆ ಬಂತು.

ಮೊದಲ ಚರಣವನ್ನು ಅರ್ಧ ಬಾಯಲ್ಲಿ, ಗೊಣಗಿದ ಹಾಗೆ ದಾಟಿಸಿದರು. ಪದಗಳು ಪರದೆಯ ಮೇಲೆ ಬಿಳಿಯಿಂದ ಹಳದಿಗೆ ತಿರುಗುತ್ತ ಓಡುತ್ತಿದ್ದವು. ಎತ್ತರದ ಜಾಗ ಬಂದಾಗ ಕೆಮ್ಮು ಬಂದವರ ಹಾಗೆ ನಟಿಸಿ ತಪ್ಪಿಸಿಕೊಳ್ಳುವುದೆಂದು ಲೆಕ್ಕ ಹಾಕಿದ್ದರು. ಆದರೆ ಎರಡನೆಯ ಚರಣ ಶುರುವಾಗುವಾಗ ಹೆಂಡತಿಯ ಕಡೆ ಕಣ್ಣು ಹೋಯಿತು. ಆಕೆ ಪರದೆ ನೋಡುತ್ತಿರಲಿಲ್ಲ. ಎರಡೂ ಕೈಯಲ್ಲಿ ಕರ್ಚೀಫು ಹಿಂಡಿಕೊಂಡು, ಇವರ ಮುಖವನ್ನೇ, ಮತ್ತೆ ನೋಡಲು ಸಿಗುವುದಿಲ್ಲವೇನೋ ಎಂಬಂತೆ ನೋಡುತ್ತಿದ್ದರು. ಕಣ್ಣು ತುಂಬಿತ್ತು. ಅದನ್ನು ಕಂಡದ್ದೇ ಹಲ್ಲಿನವರಿಗೆ ಹಲ್ಲು, ಹೆಸರು, ಕೆಮ್ಮು ಎಲ್ಲ ಮರೆತುಹೋಯಿತು. ಬಾಯಿ ತಾನಾಗಿ ತೆರೆಯಿತು. "ಆ" ಎಂದದ್ದೇ ತಡ, ಮೇಲಿನ ಸಾಲು ಹೊರಕ್ಕೆ ಹಾರಿ, ಮೈಕಿಗೆ ಟಕ್ ಎಂದು ಬಡಿದು, ಆ ಟಕ್ ಹಾಲಿನ ನಾಲ್ಕೂ ಮೂಲೆಯ ಸ್ಪೀಕರಿನಲ್ಲಿ ಮೊಳಗುವಷ್ಟರಲ್ಲಿ, ಹಲ್ಲು ಭಾವಮೈದುನನ ಬೂಟಿನ ಪಕ್ಕ ಹೋಗಿ ಬಿತ್ತು.

ಹಾಡುವವರಿಲ್ಲದೆ ಸಂಗೀತ ತನ್ನ ಪಾಡಿಗೆ ಹೋಗುತ್ತಲೇ ಇತ್ತು. ಹಲ್ಲಿನವರಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

"ಹಲ್ಲಾ?" ಎಂದರು ಟೈಲರಮ್ಮ. ಎದ್ದು ಬಂದು ಗಂಡನ ಅಂಗಿಯ ತೋಳು ಹಿಡಿದರು. "ರೀ, ಬರೀ ಹಲ್ಲಾ? ಇಷ್ಟು ದಿನ ಊಟ ಬಿಟ್ಟಿದ್ದು ಇದಕ್ಕಾ?"

ಹಲ್ಲಿನವರು ತಲೆ ತಗ್ಗಿಸಿ ಹೂಂ ಎಂದರು.

"ಮತ್ತೆ ಕರ್ಚೀಫಲ್ಲಿ ರಕ್ತ?"

"ವಸಡಿಗೆ ಉಜ್ಜಿ ಗಾಯ ಆಗಿತ್ತು."

"ಬಚ್ಚಲಲ್ಲಿ ಬಾಗಿಲು ಹಾಕ್ಕೊಂಡು ಓಕರಿಸ್ತಿದ್ರಲ್ಲ?"

"ಅಂಟು ಕೆರೆದು ತೆಗೀತಿದ್ದೆ."

"ಆ ಔಷಧಿ ಅಂಗಡಿ? ಕಳ್ಳನ ಹಾಗೆ ಹೋಗಿ ಬರ್ತಿದ್ರಲ್ಲ, ನನ್ನ ಕಣ್ಣಾರೆ ನೋಡಿದೀನಿ."

"ಅದೇ ಪುಡಿ ತರೋಕೆ."

ಟೈಲರಮ್ಮ ದಡಕ್ಕನೆ ಸೋಫಾದಲ್ಲಿ ಕೂತರು. ಮುಖ ಮುಚ್ಚಿಕೊಂಡರು. ಭುಜ ಕುಲುಕತೊಡಗಿತು, ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯದೆ ಮಗಳು ಪಕ್ಕದಲ್ಲಿ ಮಂಡಿಯೂರಿದಳು. ಎರಡೂ ಆಗಿತ್ತು. "ದೊಡ್ಡ ಕಾಯಿಲೆ ಅಂದ್ಕೊಂಡಿದ್ದೆ ರೀ" ಎಂದರು ಆಕೆ ಕೊನೆಗೆ. "ನಮಗೆ ಹೇಳದೆ ಒಬ್ಬರೇ ನುಂಗಿಕೊಂಡಿದೀರ ಅಂದ್ಕೊಂಡಿದ್ದೆ. ಮುಂದಿನ ವರ್ಷ ಹಾಡೋಕೆ ನೀವು ಇರ್ತೀರೋ ಇಲ್ವೋ ಅಂತ, ಇದೊಂದು ಸಲ ಕೇಳಿಬಿಡೋಣ ಅಂತ ಇವಳ ಹತ್ರ ಹೇಳಿದ್ದು ನಾನೇ."

ಆಗ ಹಲ್ಲಿನವರಿಗೆ ಎಲ್ಲ ಅರ್ಥವಾಯಿತು. ಮೆಟ್ಟಿಲಲ್ಲಿ ಹಿಡಿದ ಮೊಣಕೈ, ಬೆನ್ನಿಗೆ ಬಂದ ದಿಂಬು, ಮೂಗು ಒರೆಸಿಕೊಂಡ ಭಾವಮೈದುನ. ಇವರ ಹಲ್ಲು ಜಾರುವ ಸುದ್ದಿ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಇವರು ಸಾಯುತ್ತಾರೆ ಎಂದುಕೊಂಡು ಬಂದಿದ್ದರು. ತಮ್ಮ ಹೆಸರು ಹೋದೀತು ಎಂದು ತಾವು ಹೆದರುತ್ತಿದ್ದಷ್ಟೂ ದಿನ, ಪಕ್ಕದ ಹಾಸಿಗೆಯಲ್ಲಿ ಆಕೆ ತಮ್ಮನ್ನೇ ಕಳೆದುಕೊಳ್ಳುವ ಭಯದಲ್ಲಿ ನಿದ್ದೆಗೆಟ್ಟಿದ್ದರು. ಹಲ್ಲಿನವರಿಗೆ ಜೀವನದಲ್ಲಿ ಅಷ್ಟು ನಾಚಿಕೆಯಾದದ್ದೂ ಇಲ್ಲ, ಅಷ್ಟು ಹಗುರವಾದದ್ದೂ ಇಲ್ಲ. ಹೆಂಡತಿಯ ಪಕ್ಕ ಕೂತು, "ತಪ್ಪಾಯ್ತು ಕಣೇ" ಎಂದರು. ಹಲ್ಲಿಲ್ಲದ ಬಾಯಲ್ಲಿ ಆ ಮಾತು ಬುಸ್ಸೆಂದು ಬಂತು. ಟೈಲರಮ್ಮನಿಗೆ ನಗು ತಡೆಯಲಾಗಲಿಲ್ಲ. ಆಕೆ ನಕ್ಕದ್ದೇ ಇಡೀ ಹಾಲು ನಕ್ಕಿತು.

ಅಷ್ಟರಲ್ಲಿ ಶಿಷ್ಯೆ ಹಲ್ಲಿನ ಸಾಲನ್ನು ಹೆಕ್ಕಿ, ಟಿಶ್ಯೂನಲ್ಲಿ ಒರೆಸಿ, ದೀಪದ ಕೆಳಗೆ ಹಿಡಿದು ತಿರುಗಿಸಿ ನೋಡುತ್ತಿದ್ದಳು. "ಕೆಲಸ ಎಷ್ಟು ಚೆನ್ನಾಗಿದೆ ಮೇಷ್ಟ್ರೇ! ಆದ್ರೆ ಮೇಣ ಕಚ್ಚುವಾಗ ಕನ್ನಡಿ ನೋಡ್ಕೋತಿದ್ರಾ?"

"ನೋಡದೆ ಹೇಗೆ ಗುರುತು ಹಾಕ್ಲಿ?"

"ನೋಡೋಕೆ ಅಂತ ಗದ್ದ ಮುಂದಕ್ಕೆ ಚಾಚಿದೀರ, ಜೋಡಿ ಗುರುತೇ ತಪ್ಪಿದೆ. ಎಲ್ಲರೂ ಹಾಗೇ ಮಾಡೋದು."

ಹಲ್ಲಿನವರು ಎದ್ದು ಕತ್ತಲಾಗಿದ್ದ ಕಿಟಕಿಯ ಗಾಜಿನ ಮುಂದೆ ನಿಂತರು. ಬಾಯೊಳಗನ್ನು ನೋಡಲು ಬಾಗಿದರು. ಅವರ ಕಣ್ಣೆದುರೇ ಅವರ ಗದ್ದ, ಹೇಳದೆ ಕೇಳದೆ, ಮೆಲ್ಲನೆ ಮುಂದೆ ಬಂತು. ಎರಡು ಸೆಟ್ಟಿಗೂ ಅದೇ ಕನ್ನಡಿ, ಅದೇ ಗದ್ದ. ಕನ್ನಡಿಯ ಮುಂದೆ ನಿಂತರೆ ಮಾತ್ರ ಕೂರುವ ಹಲ್ಲನ್ನು ಎಷ್ಟು ಶ್ರದ್ಧೆಯಿಂದ ಮಾಡಿಕೊಂಡಿದ್ದರು! ತಮಗೇ ನಗು ಬಂದು, ಕಿಟಕಿ ಹಿಡಿದುಕೊಂಡು, ಬೋಳು ವಸಡು ಕಾಣುವ ಹಾಗೆ ನಕ್ಕರು.

"ಛೇ, ಸುಮ್ನೆ ಚೆನ್ನಾಗಿ ಹಾಡ್ತೀರ ಅಂತ ಹೇಳಿಬಿಟ್ಟೆ" ಎಂದ ಭಾವಮೈದುನ, ಹೋದ ಜೀವ ಬಂದವನ ಹಾಗೆ. "ಆ ಮಾತು ವಾಪಸ್ಸು ಭಾವ!"

"ಮೈಕು ಕೊಡೋ ಇಲ್ಲಿ" ಎಂದರು ಹಲ್ಲಿನವರು. ಕೆಳಗಿನ ಸಾಲನ್ನೂ ತೆಗೆದು ಶಿಷ್ಯೆಯ ಟಿಶ್ಯೂಗೆ ಹಾಕಿದರು. ಮಗಳು ಹಾಡನ್ನು ಮೊದಲಿನಿಂದ ಹಾಕಿದಳು. ಪದಗಳೇನೋ ಅಲ್ಲಲ್ಲಿ ಜಾರಿದವು, ಬುಸುಗುಟ್ಟಿದವು, ಡಿಪೋದ ಹುಡುಗಿಯರು ಹೊಟ್ಟೆ ಹಿಡಿದುಕೊಂಡರು. ಆದರೆ ಎರಡನೆಯ ಚರಣದ ಆ ಜಾಗಕ್ಕೆ ಹಲ್ಲೇ ಬೇಕಿರಲಿಲ್ಲ. ಹಿಡಿದುಕೊಳ್ಳುವುದೇನೂ ಇಲ್ಲದ ಬಾಯಿಯಿಂದ "ಆ" ಎಂಬುದು ಎಂದಿಗಿಂತ ಎತ್ತರಕ್ಕೆ ಹೋಗಿ ನಿಂತಿತು. ಮಿಷನ್ನು ಭಾವಮೈದುನನಿಗಿಂತ ಹೆಚ್ಚು ಅಂಕ ಕೊಟ್ಟಿತು. ಅವನು ಮಿಷನ್ನೇ ಕೆಟ್ಟಿದೆ ಎಂದು ಜಗಳ ತೆಗೆದ. ಹಲ್ಲಿನವರು ಕೇಕಿನ ತಟ್ಟೆ ಎಳೆದುಕೊಂಡು, ಎಲ್ಲರೆದುರು, ನಾಲಿಗೆಯಲ್ಲೇ ಕರಗಿಸಿ ಕರಗಿಸಿ ತಿಂದರು.

ಮಾರನೆಯ ಬೆಳಿಗ್ಗೆ ಶಿಷ್ಯೆಯ ಕೋಣೆಯಲ್ಲಿ ಹಲ್ಲಿನವರು ಕುರ್ಚಿಯಲ್ಲಿ ಕೂತರು. ಕನ್ನಡಿಯನ್ನು ಅವಳು ಗೋಡೆಯ ಕಡೆ ತಿರುಗಿಸಿಟ್ಟಿದ್ದಳು. ಎದುರಿಗೆ ಸ್ಟೂಲ್ ಹಾಕಿ ಟೈಲರಮ್ಮನನ್ನು ಕೂರಿಸಿ, "ಇವರ ಮುಖ ನೋಡ್ಕೊಂಡು ಆರಾಮಾಗಿ ಕಚ್ಚಿ ಮೇಷ್ಟ್ರೇ" ಎಂದಳು. ಕಚ್ಚಿದರು. ಗದ್ದ ತನ್ನ ಜಾಗದಲ್ಲೇ ಇತ್ತು.

ಮನೆಗೆ ಬಂದು ಲುಂಗಿ ಸುತ್ತಿಕೊಂಡು ಪೇಪರ್ ಹಿಡಿದರೆ, ಟೈಲರಮ್ಮ ಗಂಡನ ಪ್ಯಾಂಟುಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಬ್ಲೇಡಿನಿಂದ ಹೊಲಿಗೆ ಬಿಚ್ಚುತ್ತಿದ್ದರು.

"ಅದಕ್ಕೇನಾಗಿದೆಯೇ? ಸರಿಯಾಗೇ ಇತ್ತಲ್ಲ."

"ಎಲ್ಲಿ ಸರಿಯಾಗಿತ್ತು? ನೀವು ಇಳೀತಾ ಇದ್ರಿ, ನಾನು ಹಿಡೀತಾ ಇದ್ದೆ."

ಹಲ್ಲಿನವರು ಹತ್ತಿರ ಬಂದು ಬಗ್ಗಿ ನೋಡಿದರು. ಸೊಂಟದ ಪಟ್ಟಿಯ ಒಳಗೆ ಒಂದರ ಪಕ್ಕ ಒಂದರಂತೆ ಹೊಲಿಗೆಯ ಸಾಲುಗಳು. ಮಿಕ್ಕ ಬಟ್ಟೆ ಮಡಚಿಕೊಂಡು, ದಪ್ಪಗೆ, ಹಾಗೇ ಒಳಗಿತ್ತು.

"ಕತ್ತರಿಸಿಯೇ ಇಲ್ವಲ್ಲೇ?"

"ಪ್ರತಿ ಸಲ ಕತ್ತರಿ ತಗೊಂಡೆ" ಎಂದರು ಟೈಲರಮ್ಮ, ಬ್ಲೇಡು ನಿಲ್ಲಿಸದೆ. "ಕೈ ಬರ್ಲಿಲ್ಲ ರೀ."

ಹಲ್ಲಿನವರು ಪೇಪರ್ ಪಕ್ಕಕ್ಕಿಟ್ಟು ನೆಲದ ಮೇಲೆ ಆಕೆಯ ಪಕ್ಕ ಕೂತರು. ಬಿಚ್ಚಿದ ದಾರದ ತುಂಡುಗಳನ್ನು ಒಂದೊಂದಾಗಿ ಆರಿಸತೊಡಗಿದರು.